ಒಳ್ಳೆಯ ರಕ್ತ

"ಕೈ ಚಾಚು ತಾಯಿ," ಅಂದ ಲಾಂಡ್ರಿಯ ಸೂಪರ್‌ವೈಸರ್ ಶುಡಲೈಮುತ್ತು.

ಇಸಕ್ಕಿ ಚಾಚಿದಳು. ಆಸ್ಪತ್ರೆಯ ಹಿಂಬದಿಯ ಮೆಟ್ಟಿಲ ಕೆಳಗೆ, ಖಾಲಿ ಸಿಲಿಂಡರುಗಳ ನಡುವೆ ಒಂದು ಸ್ಟೂಲು ಹಾಕಿದ್ದರು. ಲ್ಯಾಬಿನವನು ರಬ್ಬರ್ ಪಟ್ಟಿ ಬಿಗಿದ. ಎಡ ಮೊಣಕೈಯ ಒಳಭಾಗ ಆಗಲೇ ಹಸಿರುಗಟ್ಟಿತ್ತು. ನರ ಸಿಗಲಿಲ್ಲ. ಬಲಗೈ ಕೇಳಿದ. ಅದನ್ನೂ ಕೊಟ್ಟಳು. ರಕ್ತ ಒಂದು ಸೀಸೆಗೆ ಇಳಿಯಿತು. ಇನ್ನೊಂದಕ್ಕೆ ಇಳಿಯಿತು. ಮತ್ತೊಂದಕ್ಕೆ. ಅವನು ಪ್ರತಿ ಸೀಸೆಗೂ ಚೀಟಿ ಅಂಟಿಸುತ್ತ ಹೆಸರು ಓದಿದ.

"ಇದು ಪೇಚಿಯಮ್ಮಾಳ್. ಇದು ಉಲಗಮ್ಮಾಳ್. ಇದು ಷಣ್ಮುಗತಾಯಿ." ಅವನಿಗೆ ನಗು ತಡೆಯಲಾಗಲಿಲ್ಲ. "ಒಬ್ಬಳ ಮೈಯೊಳಗೆ ಎಷ್ಟು ಜನ ಕೂತವ್ರಲ್ಲ ಅಣ್ಣಾಚಿ!"

"ಬಾಯಿ ಮುಚ್ಕೊಂಡು ತಗಿಯಯ್ಯ. ಯಾರಾದ್ರೂ ಬಂದಾರು."

ಎಲ್ಲ ಸೀಸೆಯಲ್ಲೂ ಇಸಕ್ಕಿಯದೇ ರಕ್ತ. ಒಂದರ ಮೇಲೂ ಅವಳ ಹೆಸರಿಲ್ಲ.

ತಿರುನೆಲ್ವೇಲಿಯ ಆ ಖಾಸಗಿ ಆಸ್ಪತ್ರೆಗೆ ಅದೆಂಥದೋ ದೊಡ್ಡ ಮನ್ನಣೆ ಸಿಗಬೇಕಾಗಿತ್ತು. ದಿಲ್ಲಿಯಿಂದ ತಪಾಸಣೆಯವರು ಬರುವವರಿದ್ದರು. ಕೊಳೆ ಮುಟ್ಟುವ ಕೆಲಸದವರಿಗೆಲ್ಲ ಕಾಮಾಲೆಯ ಲಸಿಕೆ ಹಾಕಿದ್ದೀರಾ, ಹಾಕಿದ್ದರೆ ಅದು ರಕ್ತದಲ್ಲಿ ಹಿಡಿದಿದೆಯಾ, ತೋರಿಸಿ ಅನ್ನುತ್ತಾರೆ ಅವರು. ಲಾಂಡ್ರಿಯ ಗುತ್ತಿಗೆದಾರ ವರ್ಷಾ ವರ್ಷಾ ಲಸಿಕೆಯ ಬಿಲ್ಲು ಮಾಡಿದ್ದ. ಲಸಿಕೆ ಮಾತ್ರ ಹಾಕಿಸಿರಲಿಲ್ಲ. ಹಾಗಂತ ಲಾಂಡ್ರಿಗೆ ಸೂಜಿಯೇ ಬರುತ್ತಿರಲಿಲ್ಲ ಅನ್ನುವ ಹಾಗಿಲ್ಲ. ದಿನವೂ ಬರುತ್ತಿತ್ತು. ವಾರ್ಡಿನ ಕೊಳೆ ಹಾಸುಬಟ್ಟೆಯ ಮಡಿಕೆಯೊಳಗೆ ಕೂತು ಬರುತ್ತಿತ್ತು, ಇನ್ನೊಬ್ಬರ ರಕ್ತ ಹಚ್ಚಿಕೊಂಡು.

ಮೊದಲ ಸಲ ಎಲ್ಲರ ರಕ್ತ ತೆಗೆದು ನೋಡಿದಾಗ ಎಲ್ಲರದೂ ಖಾಲಿ. ಇಸಕ್ಕಿ ಒಬ್ಬಳ ರಕ್ತದಲ್ಲಿ ಮಾತ್ರ ಅವರು ಹುಡುಕುತ್ತಿದ್ದ ಪ್ರತಿಕಾಯ ಭರ್ತಿ ಇತ್ತು. ಯಾವನೂ ಹಾಕಿದ್ದಲ್ಲ ಅದು. ಮದುವೆಯಾದ ಹೊಸದರಲ್ಲಿ ಅವಳಿಗೆ ಕಾಮಾಲೆ ಬಂದಿತ್ತು. ಬೆವರು ಕೂಡ ಹಳದಿ. ಮಾವ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದ್ದ, ಅತ್ತೆ ಹೆಣದ ಸೀರೆ ತೆಗೆದಿಟ್ಟಿದ್ದಳು. ಇಸಕ್ಕಿ ಸಾಯಲಿಲ್ಲ. ಆ ರೋಗದ ಜೊತೆ ಹೊಡೆದಾಡಿ ಗೆದ್ದ ಮೈ ಅದು. ಗೆದ್ದ ಗುರುತು ರಕ್ತದಲ್ಲಿ ಉಳಿದಿತ್ತು.

"ನಿನ್ ರಕ್ತ ಒಳ್ಳೇ ರಕ್ತ ಇಸಕ್ಕಿ," ಅಂದಿದ್ದ ಶುಡಲೈಮುತ್ತು ಆವತ್ತು. "ಇಡೀ ಲಾಂಡ್ರೀಲಿ ನಿಂದೊಂದೇ."

ಆ ಮಾತು ಕೇಳಿ ಅವಳ ಕಣ್ಣಲ್ಲಿ ನೀರು ಬಂತು. ನಗಬೇಡಿ. ಹುಟ್ಟಿದಾಗಿನಿಂದ ಯಾರೂ ಅವಳ ರಕ್ತವನ್ನು ಒಳ್ಳೆಯದು ಅಂದಿರಲಿಲ್ಲ. ಊರು ಕೇರಿಯನ್ನು ದೂರ ಇಟ್ಟಿತ್ತು. ಕೇರಿ ಇಸಕ್ಕಿಯ ಜನವನ್ನು ದೂರ ಇಟ್ಟಿತ್ತು. ಅವರು ಕೇರಿಯವರ ಬಟ್ಟೆ ಒಗೆಯುವವರು. ಬಾಣಂತಿಯ ಬಟ್ಟೆ, ಮುಟ್ಟಿನ ಬಟ್ಟೆ, ಹೆಣದ ಮೇಲಿನ ಬಟ್ಟೆ. ಅವಳ ಅಜ್ಜಿ ಹಗಲು ಹೊತ್ತು ದಾರಿಯಲ್ಲಿ ನಡೆಯುವ ಹಾಗಿರಲಿಲ್ಲ. ಮುಟ್ಟುವುದಿರಲಿ, ಕಣ್ಣಿಗೆ ಬಿದ್ದರೂ ಮೈಲಿಗೆ. ಎದುರಿಗೆ ಯಾರಾದರೂ ಬಂದರೆ ಪೊದೆಯೊಳಗೆ ಕೂರಬೇಕು. ಅಂಥವಳ ಮೊಮ್ಮಗಳಿಗೆ ಹಣೆಗೆ ವಿಭೂತಿ ಬಳಿದ ಸೂಪರ್‌ವೈಸರ್ ಬಂದು, ನಿನ್ನದು ಒಳ್ಳೆಯ ರಕ್ತ ಅನ್ನುತ್ತಾನೆ. ಯಾರಿಗಾದರೂ ಕರುಳು ಕರಗುತ್ತದೆ.

"ಬೇರೆಯವರ ಹೆಸರಲ್ಲಿ ಒಂದೊಂದು ಸೀಸೆ ಕೊಟ್ಬಿಡು. ಫೈಲಿಗೆ ಅಷ್ಟೆ. ಯಾರಿಗೂ ನಷ್ಟ ಇಲ್ಲ. ಅವರ ಕೆಲಸಾನೂ ಉಳೀತದೆ. ನಿನ್ನ ಮಡಿ ಕೋಣೆಗೆ ಹಾಕಿಸ್ತೀನಿ."

ಇಸಕ್ಕಿ ಒಪ್ಪಿದಳು.

ಲಾಂಡ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ನಡುವೆ ಒಂದು ಗೋಡೆ. ಗೋಡೆಯಲ್ಲಿ ಒಂದು ಕಿಂಡಿ. ಈಚೆ ಕೊಳೆ ಕೋಣೆ, ಆಚೆ ಮಡಿ ಕೋಣೆ. ಕೊಳೆ ಕೋಣೆಗೆ ಮೇಲಿನಿಂದ ಗಂಟುಗಂಟು ಬಟ್ಟೆ ಬೀಳುತ್ತದೆ. ಹೇಲು, ಉಚ್ಚೆ, ಕೀವು, ಹೆರಿಗೆಯ ರಕ್ತ, ಸತ್ತವನ ಕೊನೆಯ ವಾಂತಿ. ಎಲ್ಲ ಬಿಡಿಸಿ, ಕೊಡವಿ, ಬೇರೆ ಮಾಡಿ, ಯಂತ್ರಕ್ಕೆ ತುಂಬಬೇಕು. ಗ್ಲೌಸು ಕೊಡುತ್ತಾರೆ. ಜೊತೆಯನ್ನು ಬಿಡಿಸಿ ಇಬ್ಬರಿಗೆ ಒಂದೊಂದು. ಒಬ್ಬಳಿಗೆ ಬಲದ್ದು, ಇನ್ನೊಬ್ಬಳಿಗೆ ಎಡದ್ದನ್ನೇ ತಿರುವಿ ಬಲಗೈಗೆ. ಎಡಗೈ ದೇವರಿಗೆ ಬಿಟ್ಟಿದ್ದು.

ಸೂಜಿ ಚುಚ್ಚಿದರೆ ಅವರದೇ ಒಂದು ಮದ್ದಿತ್ತು. ಬೆರಳನ್ನು ಒತ್ತಿ ಒತ್ತಿ ರಕ್ತ ಹಿಂಡುವುದು, ಆಮೇಲೆ ಬ್ಲೀಚಿಂಗ್ ತೊಟ್ಟಿಯಲ್ಲಿ ಅದ್ದಿ ಹಲ್ಲು ಕಚ್ಚಿ ನಿಲ್ಲುವುದು. ಉರಿ ಎಷ್ಟು ಜೋರೋ ರೋಗ ಅಷ್ಟು ಸತ್ತಿತು ಅಂತ ಲೆಕ್ಕ. ಚೆನ್ನಾಗಿ ಉರಿದರೆ ಅಕ್ಕಪಕ್ಕದವರು ಸಮಾಧಾನದಿಂದ ತಲೆಯಾಡಿಸಿ ಕೆಲಸಕ್ಕೆ ತಿರುಗುತ್ತಿದ್ದರು. ಮೇಲೆ ಹೋಗಿ ಹೇಳುವ ಹಾಗಿಲ್ಲ. ಹೇಳಿದವಳಿಗೆ ಅಜಾಗರೂಕಳು ಅಂತ ಬೈದು ಮನೆಗೆ ಕಳಿಸುತ್ತಿದ್ದರು. ಕೂಲಿ ಇಲ್ಲ.

ಕೊಳೆ ಕೋಣೆಯಲ್ಲಿ ಇರುವವರೆಲ್ಲ ಕೇರಿಯವರು. ಮಡಿ ಕೋಣೆಯಲ್ಲಿ ಊರವರು. ಯಾರೂ ಹೀಗೆ ಹಂಚಿಲ್ಲ ಅನ್ನುತ್ತಾನೆ ಗುತ್ತಿಗೆದಾರ. ತಾನಾಗಿಯೇ ಹಾಗಾಯಿತಂತೆ.

ಇಸಕ್ಕಿ ಮಡಿ ಕೋಣೆಗೆ ಹೋದಳು. ಒಣ ನೆಲ, ಬಿಸಿ ಇಸ್ತ್ರಿ, ಸೋಪಿನ ವಾಸನೆ. ಎಷ್ಟೋ ವರ್ಷದ ಮೇಲೆ ಕಾಲ ಬೆರಳ ಸಂದಿಯ ಹುಣ್ಣು ಮಾಯಿತು. ಮೊದಲ ದಿನ ಅಲ್ಲಿಯವರು ತಮ್ಮ ಊಟದ ಡಬ್ಬಿಗಳನ್ನು ಆಚೆ ಕಪಾಟಿಗೆ ಸರಿಸಿದರು. ಅವಳು ನೋಡದ ಹಾಗೆ ಇದ್ದಳು. ನೋಡಿದರೆ ವಾಪಸು ಹೋಗಬೇಕಾಗುತ್ತದಲ್ಲ.

ಅವಳು ಬಿಟ್ಟು ಹೋದ ಮೇಜಿಗೆ ಉಲಗಮ್ಮಾಳ್ ಬಂದಳು. ಬಿಡಿಸುವ ಮೇಜು ಅದು, ಎಲ್ಲಕ್ಕಿಂತ ಕೆಟ್ಟ ಜಾಗ. ಉಲಗಮ್ಮಾಳ್‌ಗೆ ಇಸಕ್ಕಿಯ ಅರ್ಧ ವಯಸ್ಸು, ಮನೆಯಲ್ಲಿ ಕೈಗೂಸು, ಬಾಯಿ ಮಾತ್ರ ಊರಗಲ. ಇಸಕ್ಕಿಯನ್ನು ಅವಳು ಒಂದು ದಿನವೂ ಅಕ್ಕ ಅಂದವಳಲ್ಲ. ಅವಳ ಅಜ್ಜಿ ಇಸಕ್ಕಿಯ ಅಜ್ಜಿಯ ಮಡಕೆಗೆ ಮೇಲಿಂದ ತಂಗಳು ಸುರಿಯುತ್ತಿದ್ದವಳು. ಆ ಹಕ್ಕು ಮೊಮ್ಮಗಳ ನಾಲಗೆಗೂ ಇಳಿದಿತ್ತು.

"ಏ ಇಸಕ್ಕಿ! ಮಡಿ ಮಹಾರಾಣಿ!" ಕಿಂಡಿಯಿಂದ ಕೂಗುತ್ತಿದ್ದಳು. "ಅಣ್ಣಾಚಿಗೆ ಏನೇ ತಿನ್ಸಿದೆ? ಒಣಮೀನು ಸಾರಾ?"

"ನಿನ್ ಕೆಲ್ಸ ನೋಡೆ," ಅನ್ನುತ್ತಿದ್ದಳು ಇಸಕ್ಕಿ. ಸೀಸೆಯ ವಿಷಯ ಹೇಳುತ್ತಿರಲಿಲ್ಲ.

ಹೀಗಿರುವಾಗ ಪೇಚಿಯ ಕಣ್ಣು ಹಳದಿಯಾಯಿತು.

ಕೊಳೆ ಕೋಣೆಯ ಪೇಚಿಯಮ್ಮಾಳ್. ದೊಡ್ಡ ಮೈಯ, ದೊಡ್ಡ ನಗೆಯ ಹೆಂಗಸು. ತಿಂದದ್ದೆಲ್ಲ ವಾಂತಿ ಮಾಡಿಕೊಳ್ಳುತ್ತಿದ್ದಳು. ಮೇಲೆ ಹೋಗಿ ತೋರಿಸಿಕೊಂಡು ಬಂದು ಕಿಂಡಿಯ ಹತ್ತಿರ ಕುಸಿದು ಕೂತಳು.

"ಏನಂದ್ರು ಪೇಚಿ?" ಅಂತ ಕೇಳಿದಳು ಇಸಕ್ಕಿ.

"ಡಾಕ್ಟ್ರು ಕಂಪ್ಯೂಟರ್ ನೋಡಿದ್ರು. ನಿನ್ ರಕ್ತದಲ್ಲಿ ಕಾವಲಿದೆ, ಆ ಕೆಟ್ಟ ಕಾಮಾಲೆ ನಿಂಗೆ ಬರೋ ಹಾಗೇ ಇಲ್ಲ ಅಂದ್ರು. ನೀರಿನ ದೋಷ ಅಂತೆ. ಗುಳಿಗೆ ಬರ್ಕೊಟ್ರು." ಪೇಚಿ ನಗಲು ನೋಡಿದಳು. "ನನ್ ರಕ್ತಕ್ಕೂ ಕಾವಲುಗಾರ್ರು ಅವ್ರಂತಲ್ಲೇ. ಗಂಡನಿಗೆ ಹೇಳ್ಬೇಕು."

ಇಸಕ್ಕಿಯ ಇಸ್ತ್ರಿ ಹಾಸುಬಟ್ಟೆಯ ಮೇಲೆ ನಿಂತೇ ಬಿಟ್ಟು ಕಂದು ಮಚ್ಚೆಯಾಯಿತು. ಆ ಕಾವಲು ಪೇಚಿಯದಲ್ಲ. ಮೆಟ್ಟಿಲ ಕೆಳಗೆ ಕೂತು ತಾನು ಕೊಟ್ಟದ್ದು.

ಸಂಜೆ ಶುಡಲೈಮುತ್ತುವನ್ನು ಹಿಡಿದಳು.

"ಅಣ್ಣಾಚಿ, ಪೇಚಿಗೆ ಅದೇ ಕಾಮಾಲೆ. ನಂಗೆ ಬಂದಿತ್ತಲ್ಲ, ನಂಗೆ ಗೊತ್ತಾಗಲ್ವಾ? ಡಾಕ್ಟ್ರಿಗೆ ನಿಜ ಹೇಳಿ."

"ಏನ್ ನಿಜ?"

"ಆ ಸೀಸೆದು."

"ಯಾವ್ ಸೀಸೆ?" ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಇಸಕ್ಕಿ, ನೀನೇ ಕೈ ಚಾಚಿದ್ದು. ಕಟ್ಟಿ ಹಾಕಿ ತೆಗೆದ್ನಾ? ಪೊಲೀಸ್ರು ಬಂದ್ರೆ ನಿಂದೇ ಮೊದಲ ಹೆಸರು. ತಿಳ್ಕೋ."

ಇಸಕ್ಕಿ ಮನೆಗೆ ಹೋದಳು. ಮರುದಿನ ಹೇಳಬಹುದಿತ್ತು, ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ಒಣ ನೆಲ ಒಣ ನೆಲವೇ. ಪೇಚಿಯನ್ನು ಗಂಡ ಶಂಕರನ್‌ಕೋವಿಲ್ ಕಡೆಯ ಅವಳ ತವರಿಗೆ ಕರೆದುಕೊಂಡು ಹೋದ. ಸ್ವಲ್ಪ ದಿನಕ್ಕೆ ಸುದ್ದಿ ಬಂತು. ಕೊನೆಗೆ ಯಾರ ಗುರುತೂ ಹಿಡಿಯದೆ, ಹಾಸಿಗೆ ಪರಚಿಕೊಂಡು ಸತ್ತಳಂತೆ.

"ಪಿತ್ತ ನೆತ್ತಿಗೇರ್ತು ಪಾಪ," ಅಂದರು ಕೊಳೆ ಕೋಣೆಯವರು. ಶುಡಲೈಮುತ್ತು ಹಾರ ಕಳಿಸಿದ. ಮತ್ತೆ ಎರಡೇ ದಿನಕ್ಕೆ ಹೊಸಬಳನ್ನು ತಂದು ಆ ಜಾಗಕ್ಕೆ ನಿಲ್ಲಿಸಿದ.

ಆಮೇಲೆ ಇಸಕ್ಕಿಗೆ ಅನ್ನ ಸೇರಲಿಲ್ಲ. ಒಬ್ಬೊಬ್ಬರ ಕಣ್ಣಿನ ಬಿಳಿಯನ್ನು ನೋಡುವುದೇ ಅವಳ ಕೆಲಸವಾಯಿತು. ಷಣ್ಮುಗತಾಯಿ ಒಂದು ದಿನ ಸುಸ್ತು ಅಂದಳು. ಇನ್ನೊಬ್ಬಳು ಬಾಯಿ ಕಹಿ ಅಂದಳು. ಇಸಕ್ಕಿ ಕಿಂಡಿಯಲ್ಲಿ ತಲೆ ತೂರಿಸಿ, ಬೆಳಕಿಗೆ ಬಾ, ಕಣ್ಣು ತೋರಿಸು ಅನ್ನುತ್ತಿದ್ದಳು.

"ಏನೇ ಇದು, ಹುಡುಗಿ ನೋಡಕ್ಕೆ ಬಂದೋರ ಥರ!" ಅಂದಳು ಉಲಗಮ್ಮಾಳ್. ಎಲ್ಲರೂ ನಕ್ಕರು.

ತಪಾಸಣೆಯ ಹಿಂದಿನ ದಿನ. ಬೆಳಿಗ್ಗೆಯೇ ಡಯಾಲಿಸಿಸ್ ವಾರ್ಡಿನಿಂದ ಗಂಟುಗಳು ಬಿದ್ದಿದ್ದವು. ಎಲ್ಲ ಬೇಗ ತೊಳೆದು ಮೇಲೆ ಕಳಿಸಬೇಕು, ಬಂದವರಿಗೆ ಒಂದು ಕಲೆ ಕಾಣಬಾರದು. ಉಲಗಮ್ಮಾಳ್ ಎರಡೂ ಕೈ ಹಾಕಿ ಬಿಡಿಸುತ್ತಿದ್ದಳು. ಕೊಡವಿದಳು. ಕೊಡವಿದ ಕೈ ಹಾಗೇ ನಿಂತಿತು.

ಅವಳು ಕೂಗಲಿಲ್ಲ. ಎಡಗೈಯ ಹೆಬ್ಬೆರಳ ಬುಡದಲ್ಲಿ ದಪ್ಪ ಸೂಜಿ ಒಂದು ನೆಟ್ಟಗೆ ನಿಂತಿತ್ತು. ಅದರ ಹಿಂದೆ ಒಂದು ಗೇಣು ಕೊಳವೆ. ಕೊಳವೆಯೊಳಗೆ ಇನ್ನೂ ಹೆಪ್ಪುಗಟ್ಟದ ರಕ್ತ. ಅವಳೇ ಕಿತ್ತಳು. ಹಿಂಡಿದಳು. ಬ್ಲೀಚಿಂಗ್ ತೊಟ್ಟಿಯಲ್ಲಿ ಕೈ ಮುಳುಗಿಸಿದಳು. ಕುತ್ತಿಗೆಯ ನರಗಳು ಉಬ್ಬಿದವು.

"ಉರೀತಾ?" ಅಂದಳು ಷಣ್ಮುಗತಾಯಿ.

"ಉರೀತೈತೆ."

"ಚೆನ್ನಾಗಿ?"

"ಚೆನ್ನಾಗಿ."

"ಹಾಗಾದ್ರೆ ಆಯ್ತು."

ಕಿಂಡಿಯ ಆಚೆ ಇಸಕ್ಕಿ ಎಲ್ಲ ನೋಡಿದಳು. ಆ ಮೇಜು ತನ್ನದು. ಆ ಸೂಜಿ ತನಗೆ ಚುಚ್ಚಬೇಕಾದದ್ದು. ಗೋಡೆ ಸುತ್ತಿ ಕೊಳೆ ಕೋಣೆಗೆ ಓಡಿ ಬಂದು ಉಲಗಮ್ಮಾಳ್‌ನ ರಟ್ಟೆ ಹಿಡಿದಳು.

"ನಡಿ ಮೇಲೆ."

"ಬಿಡೇ! ಕೂಲಿ ಹೋಗ್ತದೆ."

"ಹೋಗ್ಲಿ. ನಡಿ!"

ತುರ್ತು ವಿಭಾಗದಲ್ಲಿ ಸಿಸ್ಟರ್ ಜ್ಞಾನಸೆಲ್ವಿ ಇದ್ದಳು. ಚಿಕ್ಕವಳು, ನಿದ್ದೆಗೆಟ್ಟ ಮುಖ. ಹೆಸರು ಕೇಳಿ ಕಂಪ್ಯೂಟರ್ ನೋಡಿದಳು.

"ಉಲಗಮ್ಮಾಳ್, ಲಾಂಡ್ರಿ. ನಿಂಗೆ ಕಾವಲು ಭರ್ತಿ ಇದೆಯಮ್ಮ. ಮತ್ತೇನಕ್ಕೆ ಹೆದರ್ತೀಯಾ? ಕಾಮಾಲೆಗೆ ಏನೂ ಬೇಡ. ಬೇರೇದಕ್ಕೆ ರಕ್ತ ಪರೀಕ್ಷೆ ಬರ್ಕೊಡ್ತೀನಿ. ಸೋಪಲ್ಲಿ ಕೈ ತೊಳ್ಕೊ."

"ಕಾವಲು ಇಲ್ದೇ ಇದ್ರೆ ಏನ್ ಮಾಡ್ತಿದ್ರಿ ಸಿಸ್ಟರ್?" ಇಸಕ್ಕಿ ಕೇಳಿದಳು.

"ಇಲ್ದೇ ಇದ್ರೆ ಇವತ್ತೇ ಎರಡು ಚುಚ್ಚುಮದ್ದು ಕೊಡ್ಬೇಕು. ತಡ ಆದ್ರೆ ಕೊಟ್ಟೂ ಉಪಯೋಗ ಇಲ್ಲ. ಇವಳಿಗೆ ಇದೆಯಲ್ಲ, ಬಿಡಿ."

"ಇಲ್ಲ."

"ಏನಿಲ್ಲ?"

"ಇವಳಿಗಿಲ್ಲ ಸಿಸ್ಟರ್. ಆ ರಕ್ತ ಇವಳದ್ದಲ್ಲ. ನಂದು."

ಅಷ್ಟರಲ್ಲಿ ಶುಡಲೈಮುತ್ತು ಏದುಸಿರು ಬಿಡುತ್ತ ಬಂದಿದ್ದ. ಯಾರೋ ಹೇಳಿರಬೇಕು. "ಇವಳಿಗೆ ತಲೆ ಸರಿ ಇಲ್ಲ ಸಿಸ್ಟರ್. ಮೊನ್ನೆಯಿಂದ ಎಲ್ಲರ ಕಣ್ಣು ನೋಡ್ಕೊಂಡು ತಿರುಗ್ತಾಳೆ. ಏ, ಇಬ್ರೂ ಕೆಳಗೆ ನಡೀರಿ!"

"ಎಲ್ಲರದ್ದೂ ನಂದೇ," ಅಂದಳು ಇಸಕ್ಕಿ. ಈಗ ದನಿ ಏರಿತು. ಬೆಂಚಿನ ಮೇಲೆ ಕೂತ ರೋಗಿಗಳು ತಿರುಗಿದರು. "ಲಾಂಡ್ರಿಯವರ ಎಲ್ಲ ಸೀಸೇಲೂ ನನ್ ರಕ್ತ. ಇವನು ಮೆಟ್ಟಿಲ ಕೆಳಗೆ ಕೂರಿಸಿ ತೆಗೆಸ್ದ. ನಾನು ಕೊಟ್ಟೆ. ಪೇಚಿ ಹೆಸರಲ್ಲೂ ಕೊಟ್ಟೆ. ಪೇಚಿ ಸತ್ಲು."

ಉಲಗಮ್ಮಾಳ್‌ನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಆದರೆ ಅವಳ ಬಾಯಿಂದ ಬಂದದ್ದು ಬೇರೆ.

"ನಿಂದಾ? ನಿಮ್ಮೋರ್ ರಕ್ತಾನ ನನ್ ಹೆಸರಿಗೆ ಹಾಕಿದ್ರಾ? ಥೂ!"

ಸಾಯುವ ಭಯಕ್ಕಿಂತ ಮೊದಲು ಎದ್ದು ನಿಂತದ್ದು ಅದು. ಇಸಕ್ಕಿಗೆ ಮುಖದ ಮೇಲೆ ಹೊಡೆದ ಹಾಗಾಯಿತು. ನೋವಾಗಲಿಲ್ಲ ಅಂದರೆ ಸುಳ್ಳು. ಆದರೆ ನೋವಿಗೆ ಹೊತ್ತಿರಲಿಲ್ಲ.

"ಉಗಿ," ಅಂದಳು. "ಎಷ್ಟು ಬೇಕಾದ್ರೂ ಉಗಿ. ಮೊದ್ಲು ಕೈ ಚಾಚು. ನಿನ್ ರಕ್ತ ನೀನೇ ಕೊಡು."

"ಉಲಗಾ, ಕೈ ಚಾಚಿದ್ಯೋ ನಾಳೆಯಿಂದ ಗೇಟ್ ಒಳಗೆ ಬರಲ್ಲ ನೀನು," ಅಂದ ಶುಡಲೈಮುತ್ತು.

ಉಲಗಮ್ಮಾಳ್ ಅವನನ್ನು ನೋಡಿದಳು, ಇಸಕ್ಕಿಯನ್ನು ನೋಡಿದಳು. ರವಿಕೆಯ ಮುಂಭಾಗ ಹಾಲು ಸೋರಿ ಒದ್ದೆಯಾಗಿತ್ತು. ಮಗುವಿಗೆ ಹಾಲು ಕುಡಿಸುವ ಹೊತ್ತು ಅದು.

"ಸಿಸ್ಟರ್, ನಾನು ಕೂಸಿಗೆ ಮೊಲೆ ಕೊಡ್ತೀನಿ. ಅದಕ್ಕೆ ಬರ್ತದಾ?"

"ಕೂಸಿಗೆ ಹುಟ್ಟಿದ ದಿನಾನೇ ಸರ್ಕಾರಿ ಆಸ್ಪತ್ರೇಲಿ ಹಾಕಿರ್ತಾರೆ ಆ ಲಸಿಕೇನ. ಅದಕ್ಕೆ ಭಯ ಇಲ್ಲ."

"ಕೂಸಿಗೆ ಹಾಕವ್ರೆ. ನಂಗೆ ಹಾಕಿಲ್ಲ," ಅಂದಳು ಉಲಗಮ್ಮಾಳ್ ನಿಧಾನವಾಗಿ. ಆಮೇಲೆ ಕೈ ಚಾಚಿದಳು.

ಜ್ಞಾನಸೆಲ್ವಿ ಯಾರನ್ನೂ ಕೇಳದೆ ರಕ್ತ ತೆಗೆದು, ತಾನೇ ಲ್ಯಾಬಿಗೆ ಒಯ್ದಳು. ಮೆಟ್ಟಿಲ ಕೆಳಗಿನವನ ಕೈಗೆ ಕೊಡಲಿಲ್ಲ. ಉತ್ತರ ಬರುವವರೆಗೆ ಮೂವರೂ ಗೋಡೆಗೆ ಒರಗಿ ನಿಂತಿದ್ದರು. ಸಿಸ್ಟರ್ ವಾಪಸು ಬಂದಾಗ ಅವಳ ಮುಖವೇ ಹೇಳಿತು. ಖಾಲಿ. ಒಂದು ತೊಟ್ಟು ಕಾವಲಿಲ್ಲ.

"ಮದ್ದು ಕೊಡಿ ಹಾಗಾದ್ರೆ," ಅಂದಳು ಇಸಕ್ಕಿ.

ಸಿಸ್ಟರ್ ತಲೆ ತಗ್ಗಿಸಿದಳು. "ಮದ್ದು ದುಬಾರಿ ಅಮ್ಮ. ಗುತ್ತಿಗೆಯವರಿಗೆ ಗುತ್ತಿಗೆದಾರರೇ ಒಪ್ಪಿಗೆ ಹಾಕ್ಬೇಕು. ಇಲ್ಲಾಂದ್ರೆ ಔಷಧಿ ಅಂಗಡಿಯೋರು ಕೊಡಲ್ಲ. ಗುತ್ತಿಗೆದಾರರ ಪರವಾಗಿ ಇವರೇ ಸೈನ್ ಹಾಕೋದು."

ಶುಡಲೈಮುತ್ತು ಆಗ ನಕ್ಕ. ಇಸಕ್ಕಿಯನ್ನು ಪಕ್ಕಕ್ಕೆ ಕರೆದ. ಅವನ ದನಿ ಮತ್ತೆ ಬೆಣ್ಣೆಯಾಯಿತು.

"ಸೈನ್ ತಾನೆ? ಹಾಕ್ತೀನಿ ತಾಯಿ. ನಾನೇನು ರಾಕ್ಷಸನಾ? ಇವಳಿಗೆ ಈಗಲೇ ಕೊಡಿಸ್ತೀನಿ. ನಿಂದೊಂದು ಕೆಲ್ಸ ಬಾಕಿ ಇದೆ. ಹೊಸಬರದು ಕೆಲವು ಸೀಸೆ ಆಗ್ಬೇಕು, ನಾಳೆ ತಪಾಸಣೆ. ಕೆಳಗೆ ಬಾ, ಕೊಡು. ಇಲ್ಲಿ ಏನೇನೋ ಅಂದ್ಯಲ್ಲ, ಹುಚ್ಚು ಹಿಡಿದಿತ್ತು ಅಂತ ಹೇಳಿ ಮುಗಿಸು. ಒಂದು ಕೈ ನಿಂದು, ಒಂದು ಜೀವ ಅವಳದು."

ಇಸಕ್ಕಿಗೆ ಒಂದು ಗಳಿಗೆ ಕೈ ತಾನಾಗಿಯೇ ಮುಂದೆ ಬಂದ ಹಾಗಾಯಿತು. ಅಭ್ಯಾಸ. ತಲೆತಲಾಂತರದ ಅಭ್ಯಾಸ. ಉಲಗಮ್ಮಾಳ್ ಬದುಕಿಬಿಡುತ್ತಾಳೆ. ಅವಳ ಜಾಗದಲ್ಲಿ ನಾಳೆ ಷಣ್ಮುಗತಾಯಿಗೆ ಚುಚ್ಚುತ್ತದೆ. ಕಂಪ್ಯೂಟರ್ ನೋಡಿ ನಿನಗೆ ಕಾವಲಿದೆ ಹೋಗು ಅನ್ನುತ್ತಾರೆ. ಶುಡಲೈಮುತ್ತು ಹಾರ ಕಳಿಸುತ್ತಾನೆ.

"ಕೊಡಲ್ಲ," ಅಂದಳು.

"ಏನು?"

"ಕೊಡಲ್ಲ ಅಂದೆ. ಒಂದು ಹನಿ ಕೊಡಲ್ಲ."

"ಅವಳು ಸಾಯ್ತಾಳೆ, ನೋಡು."

"ಸಾಯಲ್ಲ. ನೀನು ಸೈನ್ ಹಾಕ್ತೀಯಾ."

ಅವಳು ಕೆಳಗಿಳಿದು ಹೋದಳು. ಕೊಡುವುದಕ್ಕೇ ಇಳಿದಳು, ಗೆದ್ದೆ ಅಂದುಕೊಂಡು ಅವನು ಹಿಂಬದಿಯ ಮೆಟ್ಟಿಲ ಕಡೆ ತಿರುಗಿದ. ಅವಳು ಮೆಟ್ಟಿಲ ಕೆಳಗೆ ಹೋಗಲಿಲ್ಲ. ಕೊಳೆ ಕೋಣೆಗೆ ಹೋದಳು. ಶಸ್ತ್ರಚಿಕಿತ್ಸೆ ಕೋಣೆಯ ಬಟ್ಟೆ ಆಗಷ್ಟೇ ಬಿದ್ದಿತ್ತು. ಆಳೆತ್ತರದ ರಾಶಿ, ಕೆಂಪು ಕಂದು ಹಳದಿ. ಚಪ್ಪಲಿ ಬಿಟ್ಟು ಅದರ ಮೇಲೆ ಹತ್ತಿ, ನಡುವೆ ಕಾಲು ಮಡಿಚಿ ಕೂತಳು.

"ಏ, ಏನೇ ಮಾಡ್ತಿದ್ದೀಯಾ! ಸೂಜಿ ಇರ್ತಾವೆ!" ಷಣ್ಮುಗತಾಯಿ ಕಿರುಚಿದಳು.

"ಇರ್ಲಿ. ಯಾರೂ ಇದನ್ನ ಮುಟ್ಟಬೇಡಿ. ಕೇಳಿಸ್ಕೊಳ್ಳಿ," ಅಂದಳು ಇಸಕ್ಕಿ. ಮೆಟ್ಟಿಲ ಕೆಳಗಿನದ್ದೆಲ್ಲ ಹೇಳಿದಳು. ಏನೂ ಬಚ್ಚಿಡಲಿಲ್ಲ. ಒಣ ನೆಲದ ಆಸೆಯನ್ನೂ ಹೇಳಿದಳು. "ಪೇಚಿಯ ಕೊಂದಿದ್ದರಲ್ಲಿ ನನ್ ಕೈನೂ ಐತೆ. ಹೊಡೀಬೇಕು ಅನ್ಸಿದ್ರೆ ಆಮೇಲೆ ಹೊಡೀರಿ. ಈಗ ಕೆಲಸ ನಿಲ್ಸಿ."

"ಕೆಲಸ ಹೋಗ್ತದೆ ಇಸಕ್ಕಿ."

"ಪೇಚಿದು ಜೀವಾನೇ ಹೋಗ್ಲಿಲ್ವಾ?"

ಅಷ್ಟರಲ್ಲಿ ಉಲಗಮ್ಮಾಳ್ ಇಳಿದು ಬಂದಳು. ಇಸಕ್ಕಿಯ ಕಡೆ ನೋಡಲಿಲ್ಲ. ನೇರ ಹೋಗಿ ದೊಡ್ಡ ಯಂತ್ರದ ಸ್ವಿಚ್ಚು ಒತ್ತಿದಳು. ಗಡಗಡ ಅನ್ನುತ್ತಿದ್ದದ್ದು ನಿಂತಿತು. ಆ ಕೋಣೆಯಲ್ಲಿ ಒಬ್ಬರ ಉಸಿರು ಒಬ್ಬರಿಗೆ ಕೇಳಿದ್ದು ಅದೇ ಮೊದಲು.

ಶುಡಲೈಮುತ್ತು ಬಾಗಿಲಿಗೆ ಬಂದ.

"ಇಳಿಯೇ ಕೆಳಗೆ! ಬೇವರ್ಸಿ! ಜಾತಿಗೆ ತಕ್ಕ ಬುದ್ಧಿ ತೋರಿಸಿಬಿಟ್ಯಲ್ಲ!"

"ಮೊದ್ಲು ಉಲಗಮ್ಮಾಳ್‌ಗೆ ಮದ್ದು. ಆಮೇಲೆ ಇವರೆಲ್ಲರ ರಕ್ತ ಇವರಿಂದಾನೇ ತಗೊಂಡು, ಲಸಿಕೆ ಹಾಕು. ಆಗ ಇಳೀತೀನಿ."

"ಎಳ್ದು ಹಾಕ್ತೀನಿ!"

"ಬಾ ಅಣ್ಣಾಚಿ. ಬಂದು ಎಳಿ."

ಅವನು ಒಂದು ಹೆಜ್ಜೆ ಇಟ್ಟ. ಅವನ ಮುಂದೆ ರಕ್ತ ತೊಟ್ಟಿಕ್ಕುವ ಬಟ್ಟೆ. ಎಲ್ಲಿ ಯಾವ ಸೂಜಿ ಇದೆಯೋ ಯಾರಿಗೂ ಗೊತ್ತಿಲ್ಲ. ಇಸಕ್ಕಿಯ ಮೈಗೂ ಕೈಗೂ ಅದೇ ರಕ್ತ. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ. ಹೆಂಗಸರ ಕಡೆ ತಿರುಗಿ, "ಇಳಿಸ್ರೇ ಅವಳನ್ನ!" ಅಂದ. ಯಾರೂ ಅಲ್ಲಾಡಲಿಲ್ಲ.

ತನಗಿರುವ ಕಾವಲು ಆ ಒಂದು ಕಾಮಾಲೆಗೆ ಮಾತ್ರ ಅಂತ ಇಸಕ್ಕಿಗೆ ಗೊತ್ತಿತ್ತು. ಈ ರಾಶಿಯಲ್ಲಿ ಬೇರೆ ಏನೇನೋ ಇರಬಹುದು. ಕೂತಾಗಲೇ ತೊಡೆಯ ಕೆಳಗೆ ಏನೋ ಚುರುಕ್ ಅಂದಿತ್ತು. ಅವಳು ಅದನ್ನು ಮುಟ್ಟಿ ನೋಡಲಿಲ್ಲ.

ಗೋಡೆಯ ಫೋನು ಬಡಿದುಕೊಳ್ಳತೊಡಗಿತು. ಮೇಲೆ ಶಸ್ತ್ರಚಿಕಿತ್ಸೆಗೆ ಬಟ್ಟೆ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಬಡಿಯಿತು. ಹೊಟ್ಟೆ ಕೊಯ್ಯಲು ಮಲಗಿಸಿದವರನ್ನು ಎಬ್ಬಿಸಿ ವಾರ್ಡಿಗೆ ಕಳಿಸುತ್ತಿದ್ದಾರಂತೆ. ಯಾವನೋ ದೊಡ್ಡ ಡಾಕ್ಟರು ಫೋನಿನಲ್ಲಿ ಕೂಗಾಡುವುದು ಗೋಡೆಗೆ ಒರಗಿದವರಿಗೂ ಕೇಳಿಸಿತು. ಶುಡಲೈಮುತ್ತು ಫೋನು ಹಿಡಿದುಕೊಂಡೇ, "ಹೂಂ ಸಾರ್, ಹಾಕ್ತೀನಿ ಸಾರ್" ಅನ್ನುತ್ತ, ಬೆವರು ಒರೆಸಿಕೊಳ್ಳುತ್ತ ಸೈನ್ ಹಾಕಲು ಮೇಲೆ ಓಡಿದ.

ಜ್ಞಾನಸೆಲ್ವಿಯೇ ಮಂಜುಗಡ್ಡೆಯ ಡಬ್ಬಿ ಹಿಡಿದು ನೆಲಮಾಳಿಗೆಗೆ ಬಂದಳು. ಎಲ್ಲರ ಎದುರು ಉಲಗಮ್ಮಾಳ್‌ಗೆ ಎರಡು ಚುಚ್ಚುಮದ್ದು ಕೊಟ್ಟಳು. ಉಲಗಮ್ಮಾಳ್ ತೋಳು ಒತ್ತಿ ಹಿಡಿದು ಅಲ್ಲೇ ನಿಂತಳು, ಮನೆಗೆ ಹೋಗಲಿಲ್ಲ.

"ಆಯ್ತಲ್ಲ?" ಅಂದ ಶುಡಲೈಮುತ್ತು. "ಇಳಿ ಈಗ."

"ಇವರದು?" ಇಸಕ್ಕಿ ಕೋಣೆಯ ತುಂಬ ಕೈ ತೋರಿಸಿದಳು.

ಅವನು ಹಲ್ಲು ಕಡಿದು ಹೋದ. ಹೋದವನು ಪೊಲೀಸರನ್ನು ಕರೆದುಕೊಂಡು ಬಂದ. ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಬಾಗಿಲಲ್ಲೇ ಮೂಗಿಗೆ ಕರ್ಚೀಫು ಹಿಡಿದು ನಿಂತರು. ದಫೇದಾರ ರಾಶಿಯನ್ನು ನೋಡಿದ, ಅದರ ಮೇಲೆ ಕೂತವಳನ್ನು ನೋಡಿದ. ಪೇದೆಗೆ ಹೇಳಿದ, "ಹೋಗಯ್ಯ, ಇಳಿಸು." ಪೇದೆ ಅದನ್ನೇ ಹೆಂಗಸು ಪೊಲೀಸಿಗೆ ಹೇಳಿದ. ಅವಳು ತನ್ನ ಬರಿಗೈ ನೋಡಿಕೊಂಡು, "ಗ್ಲೌಸು ಇಲ್ವಾ ಇಲ್ಲಿ?" ಅಂತ ಕೇಳಿದಳು.

"ಏಯ್, ಮರ್ಯಾದೆಯಾಗಿ ಇಳಿ!" ದಫೇದಾರ ಲಾಠಿಯನ್ನು ಬಾಗಿಲಿಗೆ ಕುಟ್ಟಿದ. "ಇಲ್ಲಾಂದ್ರೆ ನಾವು ಮುಟ್ಬೇಕಾಗ್ತದೆ!"

ಇಸಕ್ಕಿ ರಾಶಿಯ ಮೇಲೆ ಸರಿಯಾಗಿ ಕೂತುಕೊಂಡಳು. ಹಸಿರುಗಟ್ಟಿದ ಎರಡೂ ಕೈಗಳನ್ನು ಅವರ ಕಡೆಗೆ ಚಾಚಿದಳು.

"ಮುಟ್ಟಿ ಸ್ವಾಮಿ," ಅಂದಳು. "ಯಾರಾದ್ರೂ ಒಬ್ರು ಬಂದು ಮುಟ್ಟಿ. ನಮ್ಮಜ್ಜಿ ಕಾಲದಿಂದ ಕಾಯ್ತಾ ಕೂತಿದ್ದೀವಿ."